ಕನ್ನಡಕದ ಡಬ್ಬಿಯೊಳಗಿನ ಚಿಲಕ

ಬಾಗಿಲಿನ ತೂತಿಗೆ ಸೋಪು ತುಂಬುವುದು ಇಷ್ಟು ಸುಲಭವೆಂದು ಚೋಟುವಿಗೆ ಗೊತ್ತಿರಲಿಲ್ಲ. ಬಟ್ಟೆ ಸೋಪಿನ ಚೂರನ್ನು ಬೆರಳುಗಳ ನಡುವೆ ಮೆದುಮಾಡಿ, ಸ್ಕ್ರೂ ಕಿತ್ತ ತೂತಿನ ಬಾಯಿಗೆ ಒತ್ತಿ, ಹೆಬ್ಬೆರಳಿನಿಂದ ಒಮ್ಮೆ ಸವರಿದರೆ ಸಾಕು, ಮರ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅದರ ಮೇಲೆ ಕಂದು ಬೂಟ್ ಪಾಲಿಶ್ ತೆಳ್ಳಗೆ ಉಜ್ಜಿದಳು. ಕೆಲಸದ ಕನ್ನಡಕದಂಗಡಿಯಲ್ಲಿ ಹೊಸದಾಗಿ ಕೂರಿಸಿದ ಗಾಜನ್ನು ತೋಳುದ್ದ ದೂರ ಹಿಡಿದು ನೋಡುವ ಹಾಗೆ ಹಿಂದೆ ಸರಿದು ನಿಂತು ನೋಡಿದಳು. ತೂತುಗಳು ಇರಲಿಲ್ಲ. ಚಿಲಕ ಇದ್ದ ಜಾಗ ಮಾತ್ರ ಇತ್ತು. ಇಷ್ಟು ದಿನ ಬಿಸಿಲು, ಕೈಯ ಜಿಡ್ಡು, ಒರೆಸುವ ಬಟ್ಟೆ ಯಾವುದೂ ಮುಟ್ಟದೆ ಉಳಿದಿದ್ದ ಅರ್ಧ ಗೇಣುದ್ದದ ಆ ಪಟ್ಟಿ, ಗಡಿಯಾರ ಬಿಚ್ಚಿದ ಮಣಿಕಟ್ಟಿನ ಹಾಗೆ ಬೆತ್ತಲೆಯಾಗಿ ಕಾಣುತ್ತಿತ್ತು. ಪಾಲಿಶ್ ಹಚ್ಚಿದಷ್ಟೂ ಇನ್ನಷ್ಟು ಮಿರಮಿರ ಮಿಂಚಿತು. ಕೊನೆಗೆ ಒಂದು ಟವೆಲನ್ನು ಬಾಗಿಲಿನ ಮೇಲಂಚಿಗೆ ಹಾಕಿ ಇಳಿಬಿಟ್ಟಳು. ಒಣಗಲು ಹಾಕಿದ ಹಾಗೆ. ಒದ್ದೆಯಾಗಿಲ್ಲವಲ್ಲ ಎನ್ನಿಸಿ ತೆಗೆದು, ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಹಾಕಿದಳು. ಸುಳ್ಳಿಗೆ ಇಷ್ಟು ಶ್ರದ್ಧೆ ತನ್ನಲ್ಲಿ ಎಲ್ಲಿಂದ ಬಂತು ಎಂದು ಆಶ್ಚರ್ಯವಾಯಿತು. ಅಂಗಡಿಯ ಯಜಮಾನರು ನೋಡಿದ್ದರೆ ಸಂಬಳ ಏರಿಸುತ್ತಿದ್ದರು.

ಒಳಗೆ ಹಾಸಿಗೆಯ ಅಂಚಿನಲ್ಲಿ ಅಕ್ಕ ಕೂತಿದ್ದಳು. ಅವಳು ಏಳುವ ಮೊದಲೇ ಚೋಟು ಸದ್ದಾಗದ ಹಾಗೆ ಸರಳು ಸರಿಸಿ ಬಾಗಿಲು ತೆರೆದಿದ್ದಳು. ಸ್ಕ್ರೂ ಬಿಚ್ಚುವುದನ್ನು, ಚಿಲಕ ಕೈಗೆ ಬರುವುದನ್ನು, ಸೋಪು, ಪಾಲಿಶ್, ಟವೆಲ್, ಎಲ್ಲವನ್ನೂ ನೋಡುತ್ತ ಕೂತಿದ್ದಳು. ಯಾಕೆ ಎಂದು ಕೇಳಲಿಲ್ಲ. ಮಿದುಳಿಗೆ ಜ್ವರ ಬಂದು ಆಸ್ಪತ್ರೆಯಿಂದ ಮರಳಿದ ಮೇಲೆ ಅಕ್ಕ ಯಾಕೆ ಎಂದು ಕೇಳುವುದನ್ನೇ ಬಿಟ್ಟಿದ್ದಾಳೆ. ಎಲ್ಲಿಗೆ ಎಂದು ಮಾತ್ರ ಕೇಳುತ್ತಾಳೆ. ಹಾಲು ತಂದುಕೊಟ್ಟವನನ್ನು, ಡಾಕ್ಟರನ್ನು, ಕೋರ್ಟಿನಲ್ಲಿ ಜಡ್ಜನ್ನು, ಕನ್ನಡಿಯನ್ನು: "ಎಲ್ಲಿಗಮ್ಮಾ? ಎಲ್ಲಿಗೆ ಸ್ವಾಮಿ?" ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಸ್ಸಿನ ಕಂಡಕ್ಟರಾಗಿ ಟಿಕೆಟ್ ಕೇಳಿದ ಬಾಯಿ. ಜ್ವರ ಹೆಸರುಗಳನ್ನು ಸುಟ್ಟಿತು, ಮುಖಗಳನ್ನು ಸುಟ್ಟಿತು, ಅದೊಂದು ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿತು. ಚೋಟು ಎಂಬ ಹೆಸರೂ ಆ ಬೆಂಕಿಯಲ್ಲೇ ಹೋಯಿತು. ಅವಳು ಚೋಟುದ್ದ ಇದ್ದಾಗ ಅಕ್ಕ ಇಟ್ಟ ಹೆಸರು, ಅಕ್ಕ ಒಬ್ಬಳೇ ಕರೆಯುತ್ತಿದ್ದ ಹೆಸರು. ಈಗ ಕರೆಯುವವರಿಲ್ಲದೆ ಅವಳೇ ಮನಸ್ಸಿನಲ್ಲಿ ತನ್ನನ್ನು ಹಾಗೆ ಕರೆದುಕೊಳ್ಳುತ್ತಾಳೆ. ನಲವತ್ತು ತುಂಬುತ್ತಿರುವ ಹೆಂಗಸು, ಒಂದು ಕೈಯಲ್ಲಿ ಚಿಲಕ ಹಿಡಿದು, ಚೋಟು, ಇದನ್ನ ಎಲ್ಲಿ ಬಚ್ಚಿಡ್ತೀಯೇ, ಎಂದು ತನ್ನನ್ನೇ ಕೇಳಿಕೊಂಡಳು.

ಅಂಗಡಿಯ ಚೀಲದಲ್ಲಿ ಹಳೆಯ ಕನ್ನಡಕದ ಡಬ್ಬಿಯೊಂದಿತ್ತು, ಗಂಡಸರ ದಪ್ಪ ಚೌಕಟ್ಟಿಗೆ ಮಾಡಿದ್ದು. ಚಿಲಕ ಅದರೊಳಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಮುಚ್ಚಳ ಟಪ್ಪೆಂದು ಮುಚ್ಚಿಕೊಂಡಿತು. ಆ ಸದ್ದಿಗೆ ಅಕ್ಕ ತಲೆಯೆತ್ತಿದಳು, ಮತ್ತೆ ತಗ್ಗಿಸಿದಳು.

"ಬಾರೇ ಅಕ್ಕ, ತಿಂಡಿ ತಣ್ಣಗಾಗುತ್ತೆ."

ಅಕ್ಕ ಎದ್ದಳು. ಬಾಗಿಲವರೆಗೂ ಬಂದಳು. ಅಲ್ಲಿ ನಿಂತುಬಿಟ್ಟಳು. ಒಂದು ಅಂಗೈ ಚೌಕಟ್ಟಿನ ಮೇಲೆ, ಮುಖ ಸ್ವಲ್ಪ ಓರೆ, ದೂರದಲ್ಲಿ ಯಾರೋ ಕರೆದದ್ದನ್ನು ಆಲಿಸುವ ಹಾಗೆ. ಬೇರೆ ದಿನ ಚಿಲಕ ತೆಗೆದದ್ದೇ ತಡ, ಬಿರುಗಾಳಿಯಂತೆ ಹೊರಗೆ ಬಂದು ಅಡುಗೆಮನೆಯ ಮಣೆ ಎಳೆದುಕೊಂಡು ಕೂರುವವಳು. ಇವತ್ತು ಎಷ್ಟು ಕರೆದರೂ ಇಲ್ಲ. ಹಟ ಎಂದುಕೊಂಡಳು ಚೋಟು. ಇವತ್ತೇ ಹಟ ಮಾಡಬೇಕಾ, ಎಂದುಕೊಂಡಳು. ತಟ್ಟೆಯನ್ನು ಒಳಗೇ ಕೊಟ್ಟಳು. ಅಕ್ಕ ಹೊಸ್ತಿಲ ಒಳಗೆ ನಿಂತೇ ತಿಂದಳು, ಓಡುವ ಬಸ್ಸಿನಲ್ಲಿ ತೂಗಾಡುತ್ತ ತಿನ್ನುವ ಹಾಗೆ, ಕಾಲುಗಳನ್ನು ಅಗಲಿಸಿ.

ಮೆಟ್ಟಿಲಲ್ಲಿ ಉಸಿರು ಬಿಡುತ್ತ ಕೆಳಮನೆಯ ಆಂಟಿ ಹತ್ತಿ ಬಂದರು. ಮನೆ ಅವರದ್ದೇ, ಬಾಡಿಗೆ ತೆಗೆದುಕೊಳ್ಳುವ ಕೈಯಿಂದಲೇ ಮಧ್ಯಾಹ್ನ ಚಿಲಕ ತೆಗೆದು ಅಕ್ಕನಿಗೆ ಊಟ ಕೊಟ್ಟು, ಮತ್ತೆ ಹಾಕಿ ಹೋಗುವವರು.

"ಏನೇ ಅದು ಬೆಳಗ್ಗೆ ಬೆಳಗ್ಗೆ ಕಿರ್ರೋ ಅಂತ? ತೆಗೆದೇಬಿಟ್ಯಾ?"

"ಕೋರ್ಟಿಂದ ಬರ್ತಾರಲ್ಲ ಆಂಟಿ."

"ಬರ್ಲಿ ಬಿಡು. ಅರ್ಧ ಗಂಟೆ ಕೂತು ನೀರು ಕುಡಿದು ಹೋಗೋವ್ರು. ಆಮೇಲೆ ಇರೋಳು ನೀನು, ನಾನು, ಇವಳು. ಚಿನ್ನ ಇಟ್ಟ ಬೀರೂಗೆ ಬೀಗ ಹಾಕ್ತೀವಿ, ಅದಕ್ಕೆ ಯಾರಾದ್ರೂ ಕೋರ್ಟಿಗೆ ಹೋಗ್ತಾರಾ?"

"ಅವಳೇನು ಚಿನ್ನಾನಾ?"

"ಅಲ್ವಾ ಮತ್ತೆ?" ಎಂದು ಆಂಟಿ ಅಕ್ಕನ ಕೆನ್ನೆ ಸವರಲು ಹೋದರು. ಅಕ್ಕ ಮುಖ ಹಿಂದೆಳೆದುಕೊಂಡು, "ಮುಂದೆ ಹೋಗಿ, ಮುಂದೆ ಹೋಗಿ, ಹಿಂದೆ ಜಾಗ ಇಲ್ಲ" ಎಂದಳು. ಆಂಟಿ ನಕ್ಕರು. "ನೋಡು, ನನ್ನ ಕೇಳಿದ್ರೆ ನಾನು ಹೇಳ್ತೀನಿ, ಮಧ್ಯಾಹ್ನ ನಾನು ಊಟ ಕೊಡೋವಾಗ ಬಾಗಿಲು ಹಾರುಹೊಡೆದಿರುತ್ತೆ ಅಂತ. ಸುಳ್ಳೇನಲ್ಲವಲ್ಲ? ನಾನು ತೆಗೆದ ಮೇಲೆ ತೆಗೆದೇ ಇರುತ್ತಲ್ಲ? ಮತ್ತೆ ಆ ಲಾರಿ ವಿಷಯ ಮರೀಬೇಡ. ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳು."

ಲಾರಿ. ಅಕ್ಕ ರಸ್ತೆ ದಾಟುವಾಗ ಲಾರಿಯೊಂದು ಕೂದಲೆಳೆಯಲ್ಲಿ ತಪ್ಪಿತು, ಅವತ್ತೇ ಸಂಜೆ ಚಿಲಕ ಹಾಕಿಸಿದೆ ಎಂದು ಆಂಟಿಗೆ ಹೇಳಿದ್ದು ಅವಳೇ. ಅಂಗಡಿಯಲ್ಲೂ ಹೇಳಿದ್ದಳು. ಹೇಳಿ ಹೇಳಿ ಲಾರಿಗೆ ಈಗ ಒಂದು ಬಣ್ಣ ಬಂದಿತ್ತು, ಹಳದಿ. ಡ್ರೈವರನಿಗೆ ಮೀಸೆ ಬಂದಿತ್ತು. ಬ್ರೇಕಿನ ಸದ್ದು ಬಂದಿತ್ತು. ಒಂದೊಂದು ಸಲ ಕನಸಿನಲ್ಲಿ ಬಂದು ಅವಳನ್ನೇ ಗುದ್ದುತ್ತಿತ್ತು. ಅಂಥ ಲಾರಿ ಇರಲೇ ಇಲ್ಲ.

ಆಂಟಿ ಇಳಿದುಹೋದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಹೊರಕೋಣೆಯ ಕುರ್ಚಿಯಲ್ಲಿ ಕೂತು ಚೋಟು ತೆರೆದ ಬಾಗಿಲನ್ನು ನೋಡಿದಳು. ಬಾಗಿಲಲ್ಲಿ ನಿಂತ ಅಕ್ಕ ಅವಳನ್ನು ನೋಡಿದಳು. ಕಿಟಕಿಯ ಬಿಸಿಲು ಅಕ್ಕನ ಬೆನ್ನ ಹಿಂದಿನಿಂದ ಬಂದು ನೆರಳನ್ನು ಹೊಸ್ತಿಲ ಆಚೆಗೆ, ಚೋಟುವಿನ ಪಾದದ ತನಕ ಚಾಚಿತ್ತು. ಅಜ್ಜಿಯ ಕಥೆಯೊಂದರಲ್ಲಿ ಒಬ್ಬ ರಾಣಿಯ ನೆರಳಿಗೆ ತಿರುಗಾಟದ ಚಟ. ರಾಣಿ ಮಲಗಿದ್ದರೆ ನೆರಳು ಎದ್ದು ಹೋಗಿ ಬೀದಿ ಬೀದಿ ಅಲೆದು, ಯಾರ ಯಾರದೋ ಜಗಲಿಯಲ್ಲಿ ಕೂತು, ಕಾಲಿಗೆ ಧೂಳು ಮಾಡಿಕೊಂಡು ಬರುತ್ತಿತ್ತಂತೆ. ಊರೆಲ್ಲ ಆಡಿಕೊಂಡು ನಕ್ಕಿತು. ರಾಜನಿಗೆ ನಾಚಿಕೆಯಾಗಿ ಒಂದು ದಿನ ನೆರಳಿನ ಸೆರಗಿಗೆ ಬೆಳ್ಳಿಯ ಮೊಳೆ ಹೊಡೆದು ಅಂಗಳಕ್ಕೆ ಸೇರಿಸಿಬಿಟ್ಟ. ಅಲ್ಲಿಗೆ ಬರುವಷ್ಟರಲ್ಲಿ ಅಜ್ಜಿಗೆ ನಿದ್ದೆ. ಉಳಿದದ್ದನ್ನು ಅಕ್ಕ ತಂಗಿ ಮುಸುಕಿನೊಳಗೆ ಮುಗಿಸಬೇಕು. ಮೊಳೆ ತುಕ್ಕು ಹಿಡಿದು ಉದುರಿತು ಎಂದು ಅಕ್ಕ. ಬೆಳ್ಳಿ ತುಕ್ಕು ಹಿಡಿಯಲ್ಲ ಎಂದು ಚೋಟು. ಹಾಗಾದರೆ ನೀನೇ ಹೇಳು. ಚೋಟುವಿಗೆ ನಿದ್ದೆ ಎಳೆಯುತ್ತಿತ್ತು. ಬೇಗ ಮುಗಿಯಲೆಂದು ಹೇಳಿದಳು: ರಾಣಿಗೆ ಅಭ್ಯಾಸ ಆಗೋಯ್ತು, ಮೊಳೆ ಕಿತ್ತರೂ ನೆರಳು ಅಲ್ಲೇ ಇತ್ತು. ಅಕ್ಕ ಎದ್ದು ಕೂತು ಅವಳ ತೊಡೆಗೆ ಒಂದು ಏಟು ಹಾಕಿದ್ದಳು. "ಥೂ, ಹಾಗೆಲ್ಲ ಕಥೆ ಮುಗಿಯಲ್ಲ ಕಣೇ."

ಕೋರ್ಟಿನ ಮೇಡಂ ಬಂದಾಗ ಮೊದಲು ಕಂಡದ್ದು ಅವರ ಕನ್ನಡಕ. ಮೂಗಿನ ತುದಿಗೆ ಜಾರಿ, ಒಂದು ಕಡೆಗೆ ವಾಲಿ, ಇನ್ನೇನು ಬೀಳುತ್ತೇನೆ ಎನ್ನುವ ಹಾಗೆ ಕೂತಿತ್ತು. ಕನ್ನಡಕದ ಹಿಂದೆ ದಣಿದ, ಸಭ್ಯವಾದ, ಅಕ್ಕನಿಗಿಂತ ತುಸು ಹಿರಿಯ ಮುಖ. ಬೈಯುವ ಮುಖ ಬರಬೇಕಾಗಿತ್ತು, ಸುಳ್ಳು ಹೇಳಲು ಸಲೀಸಾಗುತ್ತಿತ್ತು ಎಂದುಕೊಂಡಳು ಚೋಟು.

"ಲಿಫ್ಟ್ ಇಲ್ಲದ ಮನೆಗಳಿಗೇ ನನ್ನ ಹಾಕ್ತಾರೆ ನೋಡಿ," ಎನ್ನುತ್ತ ಮೇಡಂ ಕುರ್ಚಿಗೆ ಕುಸಿದರು. ನೀರು ಕುಡಿದರು. ಫೈಲ್ ಬಿಚ್ಚಿ ತಲೆ ಬಗ್ಗಿಸಿದರು. ಕನ್ನಡಕ ಹಾಳೆಯ ಮೇಲೆ ಬಿತ್ತು. ಎತ್ತಿ ಇಟ್ಟುಕೊಂಡರು, ಮತ್ತೆ ಬಿತ್ತು. "ನೀವು ಕೆಲಸಕ್ಕೆ ಹೋಗೋದು?"

"ಕನ್ನಡಕದ ಅಂಗಡಿಗೆ ಮೇಡಂ. ಗ್ಲಾಸ್ ಕೂರಿಸೋದು."

"ಅಯ್ಯೋ, ದೇವರೇ ಕಳಿಸಿದ ಹಾಗಾಯ್ತು! ಇದನ್ನ ಸ್ವಲ್ಪ ನೋಡ್ತೀರಾ? ಲಂಚ ಅಲ್ಲ ತಾನೇ ಇದು?" ಎಂದು ತಾವೇ ನಕ್ಕರು.

ಚೀಲದಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆಯಲು ಕೈ ಹಾಕಿದಾಗ ಡಬ್ಬಿ ಅಡ್ಡ ಬಂತು. ತೆಗೆದು ಮೇಜಿನ ಮೇಲಿಟ್ಟಳು. ಅದು ಕನ್ನಡಕದ ಡಬ್ಬಿ ಮಾಡಬಾರದಂಥ ಸದ್ದು ಮಾಡಿತು, ದೊಪ್ಪನೆ.

"ಯಾವ ಭೀಮಸೇನನ ಕನ್ನಡಕ ಇದು?" ಎಂದರು ಮೇಡಂ.

ಚೋಟು ನಕ್ಕಳು. ಮೇಡಂ ಕನ್ನಡಕ ಬಿಚ್ಚಿ ಅವಳ ಕೈಗೆ ಕೊಟ್ಟರು. ಬಿಚ್ಚಿದ ತಕ್ಷಣ ಅವರ ಮುಖ ಎಳೆ ಮಗುವಿನದಾಯಿತು. ಕಣ್ಣುಗಳು ಅವಳ ಕಿವಿಯ ಪಕ್ಕದ ಗೋಡೆಯನ್ನು ಅವಳೆಂದುಕೊಂಡು ಅದನ್ನೇ ನೋಡತೊಡಗಿದವು. ಗಾಜು ದಪ್ಪ. ಇದಿಲ್ಲದೆ ಈಕೆಗೆ ಅಷ್ಟು ದೂರದ ಬಾಗಿಲು ಬರೀ ಒಂದು ಕಂದು ಮೋಡ, ಅದರಲ್ಲಿ ನಿಂತ ಅಕ್ಕ ಇನ್ನೊಂದು ಮೋಡ. ಚೋಟುವಿನ ಹೆಗಲು ಸಡಿಲವಾಯಿತು. ಕತ್ತಲಲ್ಲಿ ಬಟ್ಟೆ ಬದಲಿಸುವವರ ನಿರಾಳ.

"ಹಾಗೇ ಮಾತಾಡೋಣ, ನೀವು ಕೆಲಸ ಮಾಡ್ತಿರಿ. ಗಾರ್ಡಿಯನ್ ಮಾಡೋವಾಗ ಜಡ್ಜ್ ಹೇಳಿದ್ದು ನೆನಪಿದೆಯಲ್ಲ? ಹಣ, ಔಷಧಿ, ಮನೆ ಇವಕ್ಕೆ ನಿಮ್ಮ ಮಾತು. ಆದ್ರೆ ಅವರ ಓಡಾಟಕ್ಕೆ ಅಡ್ಡ ಹಾಕೋ ಹಾಗಿಲ್ಲ. ಹಾಕಲೇಬೇಕು ಅಂದ್ರೆ ಮೊದಲು ಬಂದು ಕೋರ್ಟನ್ನ ಕೇಳಬೇಕು."

"ನೆನಪಿದೆ."

ನೆನಪಿತ್ತು. ಆ ದಿನ ಮುಂದಿನ ಬೆಂಚಿನಲ್ಲಿ ಅಕ್ಕ ಜಡ್ಜನ್ನು ಎಲ್ಲಿಗೆ ಸ್ವಾಮಿ ಎಂದು ಕೇಳಿದಾಗ ಇಡೀ ಹಾಲ್ ನಕ್ಕಿತ್ತು, ಜಡ್ಜ್ ಮಾತ್ರ ನಗದೆ, ಇಲ್ಲೇ ಇರ್ತೀನಮ್ಮ, ನಿವೃತ್ತಿ ಆಗೋ ತನಕ, ಎಂದು ಉತ್ತರ ಕೊಟ್ಟಿದ್ದರು. ಆಮೇಲೆ ಆದೇಶದ ಆ ಸಾಲನ್ನು ಅವರು ನಿಧಾನವಾಗಿ ಓದಿ, ಅರ್ಥ ಆಯ್ತಾ ಎಂದಾಗ ಚೋಟು ತಲೆಯಾಡಿಸಿದ್ದಳು. ಆಗ ಆ ಸಾಲು ಹೊಸ ಫ್ರಿಜ್ಜಿನ ಜೊತೆ ಬರುವ ಸೂಚನೆಯ ಹಾಗಿತ್ತು, ಸರಿ ಸರಿ, ನೋಡಿಕೊಳ್ಳೋಣ. ಚಿಲಕ ಹಾಕಿದ ಮರುದಿನ ಕೋರ್ಟಿಗೆ ಹೋಗಿ ಕೇಳಬಹುದಿತ್ತು. ಅನುಮತಿ ಕೊಡುತ್ತಿದ್ದರೇನೋ. ಆದರೆ ಅಲ್ಲಿ ಯಾಕೆ ಎಂದು ಕೇಳುತ್ತಿದ್ದರು. ಅಕ್ಕನ ಹಾಗಲ್ಲ ಕೋರ್ಟು.

"ಅವರಿಗೆ ಬೇಕಾದಾಗ ಹೊರಗೆ ಬರ್ತಾರಾ?"

"ಬರ್ತಾಳೆ." ಸ್ಕ್ರೂ ಅರ್ಧ ಸುತ್ತು ತಿರುಗಿತು.

"ಬೀದಿಗೆ?"

"ನಾನಿದ್ದಾಗ."

"ಹೊರಗಿಂದ ಬೀಗ, ಚಿಲಕ, ಆ ಥರ ಏನಾದ್ರೂ?"

ಕನ್ನಡಕದ ಕಾಲನ್ನು ಬೆರಳಿನ ಬಿಸಿಗೆ ಬಗ್ಗಿಸುತ್ತಿದ್ದಳು. "ಇಲ್ಲ ಮೇಡಂ. ನೋಡಿ, ಬಾಗಿಲು ತೆಗೆದೇ ಇದೆ." ನೋಡಿ ಎಂದಳು, ಕಣ್ಣು ಕಾಣದವರಿಗೆ, ಅವರ ಕಣ್ಣನ್ನು ತನ್ನ ಕೈಯಲ್ಲಿ ಹಿಡಿದುಕೊಂಡು.

"ಒಳ್ಳೇದು. ಕಳೆದ ವರ್ಷ ಒಂದು ಮನೆಗೆ ಹೋಗಿದ್ದೆ, ಇಷ್ಟು ದಪ್ಪ ಬೀಗ. ಒಳ್ಳೇ ಜನವೇ ಪಾಪ, ಭಯಕ್ಕೆ ಹಾಕಿದ್ದರು. ಆದ್ರೂ ಗಾರ್ಡಿಯನ್ನನ್ನ ಬದಲಾಯಿಸಿದರು, ಹುಡುಗನ್ನ ಆಶ್ರಯಧಾಮಕ್ಕೆ ಕಳಿಸಿದರು. ಕಾರು ಹತ್ತೋವಾಗ ಅವರ ತಾಯಿ ಮುಖ..." ಮೇಡಂ ಮೂಗರಳಿಸಿದರು. "ಇಲ್ಲೇನು, ಬೂಟ್ ಪಾಲಿಶ್ ವಾಸನೆ?"

"ಬೆಳಗ್ಗೆ ಚಪ್ಪಲಿಗೆ ಹಚ್ಚಿದೆ."

ಹೇಳಿದ ಮೇಲೆ ಕಣ್ಣು ತಾನಾಗಿ ಬಾಗಿಲ ಬಳಿ ಬಿಟ್ಟಿದ್ದ ರಬ್ಬರ್ ಚಪ್ಪಲಿಗಳ ಕಡೆ ಹೋಯಿತು. ಕನ್ನಡಕ ಒರೆಸಿ ಕೊಟ್ಟಳು. ಮೇಡಂ ಹಾಕಿಕೊಂಡು ತಲೆ ಬಗ್ಗಿಸಿದರು, ಅಲ್ಲಾಡಿಸಿದರು, ಮಕ್ಕಳ ಹಾಗೆ ಎರಡೂ ಕಡೆ ಕುಣಿಸಿದರು. ಕನ್ನಡಕ ಕದಲಲಿಲ್ಲ. "ಆಹಾ! ಈಗ ಜಗತ್ತು ನೆಟ್ಟಗಾಯ್ತು ನೋಡಿ. ಬನ್ನಿ, ನಿಮ್ಮ ಅಕ್ಕನ ಮಾತಾಡಿಸೋಣ."

ಅಕ್ಕ ಅಲ್ಲೇ ಇದ್ದಳು, ಚೌಕಟ್ಟಿನ ಮೇಲೆ ಕೈಯಿಟ್ಟು.

"ನಮಸ್ಕಾರ ಅಮ್ಮ. ಹೇಗಿದೀರಿ?"

"ಪಾಸಾ?" ಎಂದಳು ಅಕ್ಕ.

ಮೇಡಂ ಒಂದು ಕ್ಷಣ ತಡವರಿಸಿ, ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ಎತ್ತಿ ತೋರಿಸಿದರು. ಅಕ್ಕ ಅದನ್ನು ಕೈಗೆ ತೆಗೆದುಕೊಂಡು, ಫೋಟೊ ನೋಡಿ, ಮುಖ ನೋಡಿ, ಮತ್ತೆ ಫೋಟೊ ನೋಡಿ, "ಆಗ ದಪ್ಪ ಇದ್ರಿ" ಎಂದಳು. ಮೇಡಂ ಮನಸಾರೆ ನಕ್ಕರು. ಎಷ್ಟು ದಿನವಾಯಿತು, ಯಾರಾದರೂ ಅಕ್ಕನ ಮಾತಿಗೆ ಅಕ್ಕನ ಜೊತೆ ನಕ್ಕು.

"ಬನ್ನಿ, ಹೊರಗೆ ಕೂತ್ಕೊಳ್ಳೋಣ. ಗಾಳಿ ಬರುತ್ತೆ."

"ಬರ್ತೀನಿ," ಎಂದಳು ಅಕ್ಕ. ಬರಲಿಲ್ಲ.

"ಬನ್ನಿ, ಯಾರೂ ಏನೂ ಅನ್ನಲ್ಲ."

ಅಕ್ಕ ಮುಂದಕ್ಕೆ ಬಾಗಿದಳು. ಒಂದು ಪಾದದ ಬೆರಳುಗಳು ಹೊಸ್ತಿಲ ಅಂಚನ್ನು ಮುಟ್ಟಿ ಅಲ್ಲೇ ನಿಂತವು. ಕಿವಿಯನ್ನು ಚೌಕಟ್ಟಿಗೆ ತಂದಳು. ಅಂಗೈ ಇನ್ನೂ ಅಲ್ಲೇ ಇತ್ತು, ಮರದ ಮೇಲೆ, ಸರಿಯಾಗಿ ಆ ಎತ್ತರದಲ್ಲಿ. ಚಿಲಕದ ಸರಳು ಹೊರಗಿನಿಂದ ಬಂದು ಕೂರುತ್ತಿದ್ದ ಆ ಎತ್ತರದಲ್ಲೇ. ಆಗ ಚೋಟುವಿಗೆ ಬೆಳಗಿನಿಂದ ನೋಡುತ್ತಿದ್ದದ್ದು ಕಂಡಿತು. ಹಟವಲ್ಲ. ಅಕ್ಕ ಕಾಯುತ್ತಿದ್ದಾಳೆ. ಇಷ್ಟು ತಿಂಗಳು ದಿನಾ ಬೆಳಗ್ಗೆ, ದಿನಾ ಮಧ್ಯಾಹ್ನ, ದಿನಾ ಸಂಜೆ ಸರಳು ಸರಿದ ಸದ್ದಾಗುತ್ತಿತ್ತು, ಆಮೇಲೆ ಹೊರಗೆ ಬರಬಹುದಿತ್ತು. ಸದ್ದಿಲ್ಲದೆ ಕಾಲೆತ್ತುವವಳಲ್ಲ ಅವಳು. ಸೀಟಿ ಆಗದೆ ಒಂದು ದಿನವೂ ಬಸ್ಸನ್ನು ಕದಲಗೊಡದವಳು.

"ಇಲ್ಲೇ ಇರೋದು ನಿಮಗೆ ಇಷ್ಟವಾ ಅಮ್ಮ?"

"ಇನ್ನೂ ಆಗಿಲ್ಲ," ಎಂದಳು ಅಕ್ಕ, ತಾಳ್ಮೆಯಿಂದ, ಅವಸರದ ಪ್ರಯಾಣಿಕರಿಗೆ ಹೇಳುವ ಹಾಗೆ.

"ಏನು ಆಗಿಲ್ಲ?"

ಅಕ್ಕ ಕಿವಿಯನ್ನು ಚೌಕಟ್ಟಿಗೆ ಇನ್ನಷ್ಟು ಒತ್ತಿದಳು. ಮೇಡಂ ಅವಳ ಕೈಯನ್ನು ಮೆಲ್ಲಗೆ ತಟ್ಟಿ, ಬೇಡ, ಬಲವಂತ ಇಲ್ಲ, ಎಂದು ಕುರ್ಚಿಗೆ ಮರಳಿದರು. ಪೆನ್ನು ತೆಗೆದರು. ಬರೆಯುತ್ತ ಗಟ್ಟಿಯಾಗಿ ಓದಿದರು, ಹಾಗೆ ಓದುವುದು ನಿಯಮವಂತೆ: "ಕೋಣೆಯ ಬಾಗಿಲು ತೆರೆದಿದೆ. ಯಾವುದೇ ತಡೆ ಕಂಡುಬಂದಿಲ್ಲ. ಹೊರಗೆ ಕರೆದರೂ ಬಾರದೆ, ಸ್ವಂತ ಇಚ್ಛೆಯಿಂದ ಕೋಣೆಯಲ್ಲೇ ಇರಲು ಬಯಸುತ್ತಾರೆ." ಫೈಲನ್ನು ತಿರುಗಿಸಿ ಅವಳ ಕಡೆ ಸರಿಸಿದರು. "ಇಲ್ಲೊಂದು ಸೈನ್ ಹಾಕಿ. ಇನ್ನು ಮೂರು ವರ್ಷ ಯಾರೂ ಬಂದು ತೊಂದರೆ ಕೊಡಲ್ಲ. ಚೆನ್ನಾಗಿ ನೋಡ್ಕೊಂಡಿದೀರಿ. ಎಲ್ಲಾ ಮನೇನೂ ಹೀಗೆ ಇದ್ದಿದ್ರೆ ನಾನು ಇನ್ನೂ ನಾಲ್ಕು ಮಹಡಿ ಹತ್ತುತ್ತಿದ್ದೆ."

ಮೂರು ವರ್ಷ. ಸಂಜೆ ಮತ್ತೆ ಅದೇ ತೂತುಗಳಿಂದ ಸೋಪು ಕೆರೆದು ಚಿಲಕ ಕೂರಿಸಬಹುದು. ಕೂರಿಸುವುದೂ ಬೇಕಿಲ್ಲ. ಚಿಲಕ ಇಲ್ಲದಿದ್ದರೂ ಅಕ್ಕ ಅಲ್ಲೇ ನಿಂತಿರುತ್ತಾಳೆ, ಆಗದ ಸದ್ದಿಗೆ ಕಾಯುತ್ತ, ಮೂರು ವರ್ಷ, ಆಮೇಲೆ ಇನ್ನೂ ಮೂರು, ಬಾಗಿಲು ಹಾರುಹೊಡೆದಿರುತ್ತದೆ, ಆಂಟಿ ಹೇಳುವುದೆಲ್ಲ ನಿಜವಾಗುತ್ತದೆ, ಕಾಗದದಲ್ಲಿ ಬರೆದದ್ದೂ ನಿಜವಾಗುತ್ತದೆ, ಎಲ್ಲಿಯೂ ಯಾರೂ ಒಂದು ಸುಳ್ಳನ್ನೂ ಹೇಳಬೇಕಾಗಿ ಬರುವುದಿಲ್ಲ. ಥೂ, ಹಾಗೆಲ್ಲ ಕಥೆ ಮುಗಿಯಲ್ಲ ಕಣೇ. ಪೆನ್ನು ಅವಳ ಕೈಯಲ್ಲಿತ್ತು. ಮೇಡಂನ ಬೆರಳು ಸಹಿಯ ಜಾಗವನ್ನು ತೋರಿಸುತ್ತಿತ್ತು. ಕಿಟಕಿಯ ಆಚೆ ದೊಡ್ಡ ರಸ್ತೆಯಲ್ಲಿ ಬಸ್ಸೊಂದು ನಿಂತು, ಉಸಿರು ಬಿಟ್ಟು, ಹೊರಟಿತು, ತಿಂಗಳುಗಳ ಹಿಂದಿನ ಆ ಬೆಳಗ್ಗೆ ಅವಳು ಅದರೊಳಗಿದ್ದಳು, ಕಿಟಕಿಯ ಪಕ್ಕದ ಸೀಟು, ತೊಡೆಯ ಮೇಲೆ ಅಂಗಡಿಯ ಚೀಲ. ಅಂಗಡಿಗೆ ಹೋಗುವ ಬಸ್ಸು. ಹಿಂದೆ ಯಾರೋ ನಗುತ್ತಿದ್ದರು. ಮುಂದೆ ಹೋಗಿ, ಮುಂದೆ ಹೋಗಿ, ಆ ದನಿ ಎಷ್ಟು ಗೊತ್ತಿತ್ತೆಂದರೆ ಮೊದಲು ಅವಳಿಗೆ ಸಮಾಧಾನವೇ ಆಯಿತು, ಬಾಲ್ಯದ ಬಸ್ಸಿನಲ್ಲಿ ಕೂತ ಹಾಗೆ. ಸ್ಕೂಲಿಗೆ ಅಕ್ಕ ಕಂಡಕ್ಟರಾಗಿದ್ದ ಬಸ್ಸಿನಲ್ಲೇ ಹೋಗುತ್ತಿದ್ದಳು. ಕಾಲ್ಮೆಟ್ಟಿಲಲ್ಲಿ ಗಾಳಿಗೆ ನಿಂತರೆ ಅಕ್ಕ ತಂಗಿಯೆಂದು ನೋಡದೆ ಗದರುತ್ತಿದ್ದಳು, ಮೆಟ್ಲ ಮೇಲೆ ನಿಲ್ಲಬೇಡ, ಒಳಗಾದ್ರೂ ಬಾ, ಇಳಿದಾದ್ರೂ ಹೋಗು. ಕೊನೆಯವರ ಕೊನೆಯ ಕಾಲು ಒಳಗೆ ಬರುವ ತನಕ ಸೀಟಿ ಬಾಯಿಗಿಡುತ್ತಿರಲಿಲ್ಲ. ಈಗ ಅಕ್ಕ ಮನೆಯ ಉಡುಪಿನಲ್ಲಿ, ಗುಂಡಿ ತಪ್ಪಿಸಿ ಹಾಕಿಕೊಂಡು, ಕಂಕುಳಲ್ಲಿ ಒಂದು ಪರ್ಸ್ ಸಿಕ್ಕಿಸಿಕೊಂಡು, ಸೀಟಿನಿಂದ ಸೀಟಿಗೆ ಬರುತ್ತಿದ್ದಳು. ಹಳೆಯ ಪೇಪರನ್ನು ಚೂರು ಚೂರು ಹರಿದು ಕೊಡುತ್ತಿದ್ದಳು. ನಿಜವಾದ ಕಂಡಕ್ಟರ್ ಗುರುತು ಹಿಡಿದು, ಬಿಡಿ, ನಮ್ಮೋರೇ, ಯಾರಿಗೂ ತೊಂದರೆ ಇಲ್ಲ, ಎಂದು ಬಾಗಿಲಲ್ಲೇ ನಿಂತು ನಗುತ್ತಿದ್ದ. ತೊಂದರೆ ಇರಲಿಲ್ಲ. ಯಾವ ಚಕ್ರವೂ ಅವಳ ಹತ್ತಿರ ಬಂದಿರಲಿಲ್ಲ. ಅಕ್ಕನ ಮುಖ, ಜ್ವರದ ನಂತರ ಅವತ್ತೊಂದೇ ದಿನ, ಬೆಳಗುತ್ತಿತ್ತು. "ಎಲ್ಲಿಗಮ್ಮಾ?" ಎಂದಳು ಅಕ್ಕ. ಪಕ್ಕದ ಸೀಟಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಚೋಟುವಿನ ಕಡೆ ನೋಡಿ, "ಪಾಪ, ಇವರ ಕಡೆಯವರು ಅಂತ ಯಾರೂ ಇಲ್ವೇನೋ ಅಲ್ವಾ?" ಎಂದಳು. ಚೋಟು ಚಿಲ್ಲರೆ ಕೊಟ್ಟಳು. ಪೇಪರಿನ ಚೂರು ತೆಗೆದುಕೊಂಡಳು. "ಇಲ್ಲ ಅನ್ಸುತ್ತೆ," ಎಂದಳು. ಎಂದು ಕಿಟಕಿಯ ಕಡೆ ತಿರುಗಿ ಕೂತಳು. ಕಿಟಕಿಯ ಗಾಜಿನಲ್ಲಿ ಅಕ್ಕ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಅವತ್ತು ಸಂಜೆ ಬರುವಾಗ ಚಿಲಕ ತಂದಳು.

"ಪೆನ್ನು ಬರೀತಿಲ್ವಾ?" ಎಂದರು ಮೇಡಂ.

ಚೋಟು ಪೆನ್ನನ್ನು ಫೈಲಿನ ಮೇಲೆ ಇಟ್ಟಳು. ಕೈ ಡಬ್ಬಿಯ ಮೇಲೆ ಹೋಯಿತು. ಇದು ಧೈರ್ಯ ಎಂದು ಅವಳಿಗೆ ಅನ್ನಿಸಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕುವಾಗ ಎದ್ದು ಹೋಗುತ್ತೇವಲ್ಲ, ಅಷ್ಟೆ. ಕಾರು ಕಣ್ಣ ಮುಂದೆ ಬಂತು, ಆಶ್ರಯಧಾಮದ ಕಾರು, ಒಳಗೆ ಅಕ್ಕ, ಡ್ರೈವರನನ್ನು ಎಲ್ಲಿಗೆ ಸ್ವಾಮಿ ಎಂದು ಕೇಳುತ್ತಿರುವುದು. ಅದು ಕಣ್ಣ ಮುಂದೆ ಇರುವಾಗಲೇ ಮುಚ್ಚಳ ತೆಗೆದಳು. ಚಿಲಕವನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಸರಳನ್ನು ಅದರ ಗೂಡಿನೊಳಗೆ ಎಳೆದಳು.

ಖರ್ರ್. ಖಟಕ್.

ಅಕ್ಕನ ಕೈ ಚೌಕಟ್ಟಿನಿಂದ ಬಿಟ್ಟುಕೊಂಡಿತು. ಕಾಲು ಹೊಸ್ತಿಲು ದಾಟಿತು, ಇನ್ನೊಂದು ಕಾಲು ದಾಟಿತು. ಬಾಗಿಲಿಗೆ ಅವಳ ಭುಜ ತಾಗಿ ಒದ್ದೆ ಟವೆಲ್ ಜಾರಿ ನೆಲಕ್ಕೆ ಬಿತ್ತು. "ಜಾಗ ಬಿಡಿ, ಜಾಗ ಬಿಡಿ," ಎನ್ನುತ್ತ ಅಕ್ಕ ಮೇಡಂನ ಮೊಣಕಾಲು ಸವರಿಕೊಂಡು, ಮೇಜು ದಾಟಿ, ಹೊರಬಾಗಿಲ ಕಡೆ ಹೊರಟಳು.

ಮೇಡಂ ಅವಳನ್ನು ನೋಡಲಿಲ್ಲ. ಬಾಗಿಲನ್ನು ನೋಡುತ್ತಿದ್ದರು. ಅರ್ಧ ಗೇಣುದ್ದದ ಆ ಮಿರುಗುವ ಪಟ್ಟಿಯನ್ನು, ಅದರ ಮೂಲೆಗಳಲ್ಲಿ ಸೋಪು ಒಣಗಿ ಬಿಳಿಯಾಗಿ ಬಿರಿದಿದ್ದ ಚುಕ್ಕೆಗಳನ್ನು. ಕನ್ನಡಕ ಮೂಗಿನ ಮೇಲೆ ನೆಟ್ಟಗೆ, ಅಲ್ಲಾಡದೆ ಕೂತಿತ್ತು. ಎಷ್ಟು ಚೆನ್ನಾಗಿ ಕೂರಿಸಿದ್ದೇನೆ, ಎಂದುಕೊಂಡಳು ಚೋಟು. ಆಮೇಲೆ ಮೇಡಂನ ಕಣ್ಣು ಅವಳ ಕೈಗೆ ಬಂತು.

"ಯಾವಾಗಿಂದ?"

"ನಿಮ್ಮ ಫೋನ್ ಬರೋ ತನಕ ಇತ್ತು." ದನಿ ತನ್ನದಲ್ಲವೆನ್ನಿಸಿತು. "ಕೆಳಗಿನ ಆಂಟಿ ಲಾರಿ ಅಂತ ಹೇಳ್ತಾರೆ ಮೇಡಂ. ಅವರಿಗೆ ಹಾಗಂತ ಹೇಳಿದ್ದು ನಾನು. ಲಾರಿ ಅಲ್ಲ. ಬಸ್ಸು. ಅವಳಿಗೆ ಏನೂ ಆಗಿರ್ಲಿಲ್ಲ. ನನಗೆ ನಾಚಿಕೆ ಆಗಿತ್ತು."

ಮೇಡಂ ಬರೆದ ಸಾಲಿನ ಮೇಲೆ ಅಡ್ಡ ಗೆರೆ ಎಳೆದರು, ನಿಧಾನವಾಗಿ, ಅಷ್ಟು ಚೆನ್ನಾದ ಅಕ್ಷರಗಳನ್ನು ಕೆಡಿಸಲು ಬೇಸರವಾದ ಹಾಗೆ. ಗೆರೆಯ ಕೆಳಗೆ ಪೆನ್ನಿನ ತುದಿ ಇಟ್ಟು ಹಾಗೇ ಹಿಡಿದರು. "ಇದನ್ನ ನಾನು ಬರೀಲೇಬೇಕಾಗುತ್ತೆ," ಎಂದರು ಕೊನೆಗೆ.

"ಬರೀರಿ."

"ಆಮೇಲೆ ಏನಾಗುತ್ತೆ ಅಂತ ನನ್ನ ಕೈಲಿಲ್ಲ."

ಹೊರಬಾಗಿಲು ತೆಗೆದ ಸದ್ದಾಯಿತು. ಕೆಳಗಿನಿಂದ ಆಂಟಿಯ ದನಿ ಹತ್ತಿ ಬಂತು: "ಯಾರೇ ಅದು ಇಳೀತಿರೋದು? ಏ, ನಿಮ್ಮಕ್ಕನೇನೇ?" ಚೋಟು ಓಡಿದಳು. ಹೊರಬಾಗಿಲ ಹೊಸ್ತಿಲ ಮೇಲೆ ನಿಂತುಬಿಟ್ಟಳು. ಕೈಯಲ್ಲಿ ಚಿಲಕ. ಹಿಂದೆ ಕೋಣೆಯಲ್ಲಿ ಪೆನ್ನು ಕಾಗದದ ಮೇಲೆ ಮತ್ತೆ ಓಡತೊಡಗಿತ್ತು. ಮುಂದೆ ಮೆಟ್ಟಿಲುಗಳು, ಮೆಟ್ಟಿಲುಗಳ ತುದಿಗೆ ಬೀದಿಯ ಬೆಳಕು. ಹಿಡಿದು ನಿಲ್ಲಿಸಲೋ ಕೂಗಿ ಕರೆಯಲೋ ತಿಳಿಯಲಿಲ್ಲ. ಕಾಲು ಮುಂದೆ ಹೋಗಲಿಲ್ಲ, ಹಿಂದೆಯೂ ಹೋಗಲಿಲ್ಲ.

ಕೆಳಗಿನ ತಿರುವಿನಲ್ಲಿ ಅಕ್ಕ ನಿಂತು ತಿರುಗಿ ನೋಡಿದಳು. ಗುರುತಿನ ನೋಟವಲ್ಲ, ತುಂಬಿದ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದವರನ್ನು ನೋಡುವ ನೋಟ.

"ಮೆಟ್ಲ ಮೇಲೆ ನಿಲ್ಲಬೇಡಮ್ಮಾ," ಎಂದಳು. "ಒಳಗಾದ್ರೂ ಬಾ, ಇಳಿದಾದ್ರೂ ಹೋಗು."

ಚೋಟು ಚಿಲಕವನ್ನು ಬಾಗಿಲ ಪಕ್ಕ ನೆಲದ ಮೇಲಿಟ್ಟಳು. ಚಪ್ಪಲಿಗೆ ಕಾಲು ತೂರಿಸಿದಳು. ಒಂದು ತನ್ನದು, ಒಂದು ಅಕ್ಕನದು. ಬದಲಿಸಲು ಹೊತ್ತಿಲ್ಲ ಎಂದುಕೊಂಡಳು. ಇತ್ತು. ಕೆಳಗೆ ಅಕ್ಕ ಎರಡು ಬೆರಳುಗಳನ್ನು ಬಾಯಿಯ ಹತ್ತಿರ ತಂದು, ಸೀಟಿ ಹಾಕದೆ, ಅವಳ ಪಾದಗಳನ್ನೇ ನೋಡುತ್ತ ನಿಂತಿದ್ದಳು, ಕೊನೆಯ ಕಾಲು ಬರಲಿ ಎಂದು.